ಮುಧೋಳದಿಂದ ಮರಿಯೊಡನೆ

ಘಟಪ್ರಭೆಯ ತೀರದ ಮುಧೋಳವು ಕನ್ನಡಿಗರಿಗೆ ಎರಡು ಕಾರಣಗಳಿಂದ ಪರಿಚಿತವಾದ ಊರು. ರನ್ನಕವಿಯು ಹುಟ್ಟಿದ ಮುದುವೊಳಲು ಇದೇ ಎಂಬುದು ಒಂದು. ಇಲ್ಲಿಯ ಬೇಟೆನಾಯಿ ಇನ್ನೊಂದು. ಬಳೆಗಾರರ ಕುಲದಲ್ಲಿ ಹುಟ್ಟಿ ‘ಗದಾಯುದ್ಧ’ವನ್ನು ರಚಿಸಿದ ಮಹಾಕವಿಯನ್ನೂ ಮೊಲದ ಬೆನ್ನಟ್ಟುವ ನಾಯಿಯನ್ನೂ ಒಂದೇ ಉಸಿರಿನಲ್ಲಿ ಹೇಳಬಹುದೇ ಎಂದು ಪಂಡಿತರು ಆಕ್ಷೇಪಿಸಿಯಾರು. ಆದರೆ ಆ ಊರಿನಲ್ಲಿ ನಾವು ದಾರಿ ಕೇಳಿದವರೆಲ್ಲರೂ ಎರಡನ್ನೂ ಸಮನಾದ ಅಭಿಮಾನದಿಂದಲೇ ಹೇಳಿದರು.

ಮುಧೋಳವು ಹಿಂದೆ ಘೋರ್ಪಡೆ ಮನೆತನದವರ ಚಿಕ್ಕ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಯ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಶ್ರಯವಿತ್ತು, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಹೇಳುವರು. 2005ರಲ್ಲಿ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಸೈನ್ಯದವರು ಕೆಲವು ಮರಿಗಳನ್ನು ಮೀರತ್ತಿಗೆ ಕರೆಸಿಕೊಂಡು ಶಿಕ್ಷಣಕ್ಕೆ ತೊಡಗಿಸಿದರು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವೂ ಇರುವುದು. ಇಷ್ಟೆಲ್ಲ ಮರ್ಯಾದೆ ಬಂದರೂ ನಾಯಿ ಮಾತ್ರ ಇಂದಿಗೂ ಸುತ್ತಲಿನ ರೈತರ ಅಂಗಳದಲ್ಲಿಯೇ ಬೆಳೆಯುತ್ತಿದೆ. ಉದ್ದನೆಯ ಮೂತಿ, ನೀಳವಾದ ಕಾಲು, ಬೆನ್ನಿಗೆ ಅಂಟಿದಂತಹ ಹೊಟ್ಟೆ. ಕಂಡರಿಯದವರು ಯಾರೋ ಇದಕ್ಕೆ ಅನ್ನವಿಕ್ಕಿಲ್ಲವೆಂದು ಮರುಗುವರು. ಓಟಕ್ಕಾಗಿಯೇ ಹುಟ್ಟಿದ ಮೈ ಅದು. ಮೂಗಿಗಿಂತ ಹೆಚ್ಚಾಗಿ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿ.

ಅಂತಹ ಒಂದು ಅಂಗಳಕ್ಕೆ ನಾವು ಹೋದುದು ಸಂಕ್ರಾಂತಿಯ ತರುವಾಯ. ಮನೆಯ ಯಜಮಾನರು ಎಪ್ಪತ್ತರ ಸಮೀಪದವರು. ನಾವು ಬೆಲೆಯ ಮಾತನ್ನೆತ್ತುವ ಮೊದಲೇ, “ಓಡಾಕ ಜಾಗಾ ಐತೇನ್ರಿ? ಸರಪಳಿ ಹಾಕಿ ಕಟ್ಟೋರಿಗೆ ನಾ ಕೊಡಂಗಿಲ್ಲ” ಎಂದರು. ಯಾವುದೋ ಪಟ್ಟಣದ ಮೂರನೆಯ ಮಹಡಿಗೆ ಹೋಗಿದ್ದ ಮರಿಯೊಂದನ್ನು ಅವರೇ ಹೋಗಿ ಮರಳಿ ತಂದಿದ್ದರಂತೆ. ತುಮಕೂರಿನ ಬಳಿ ನಮ್ಮ ಮನೆಯ ಹಿಂದೆ ಬೇಲಿ ಕಟ್ಟಿದ ತೆಂಗಿನ ತೋಟವಿರುವುದೆಂದು ತಿಳಿಸಿದ ಮೇಲೆಯೇ ಅವರ ಮುಖ ಸಡಿಲವಾಯಿತು. ನಾಯಿ ಮಾರುವವರೆಲ್ಲರೂ ಈ ಒಂದು ಪ್ರಶ್ನೆಯನ್ನು ಕೇಳುವಂತಿದ್ದರೆ ಪಟ್ಟಣದ ಬೀದಿಗಳಲ್ಲಿ ಕೈಬಿಟ್ಟ ನಾಯಿಗಳು ಇಷ್ಟು ಕಾಣುತ್ತಿರಲಿಲ್ಲ.

ಮರಿಗೆ ಒಂಬತ್ತು ವಾರ ತುಂಬಿತ್ತು. ಎಂಟು ವಾರಕ್ಕೆ ಮೊದಲು ತಾಯಿಯಿಂದ ಅಗಲಿಸಬಾರದೆಂಬುದು ವೈದ್ಯರ ಮಾತು. ಕಚ್ಚಿದರೆ ಎಷ್ಟು ನೋಯುವುದು, ಯಾವಾಗ ಬಿಡಬೇಕು ಎಂಬ ಮೊದಲ ಪಾಠಗಳನ್ನು ತಾಯಿಯೂ ಒಡಹುಟ್ಟಿದವುಗಳೂ ಕಲಿಸತಕ್ಕವು. ಹೊರಡುವ ಹೊತ್ತಿಗೆ ಯಜಮಾನರು ತಾಯಿನಾಯಿ ಮಲಗುತ್ತಿದ್ದ ಗೋಣಿಚೀಲವೊಂದನ್ನು ಮಡಿಸಿ ತಂದು, “ಇದರಾಗ ಅವ್ವನ ವಾಸನಿ ಐತ್ರಿ. ಕೂಸಿಗೆ ಜೋಡಿ ಇರ್ಲಿ” ಎಂದು ನಮ್ಮ ಮಗಳ ಕೈಗೆ ಕೊಟ್ಟರು. ಧೂಳೂ ಹಾಲೂ ಬೆರೆತ ಆ ವಾಸನೆಯು ಕಾರನ್ನೆಲ್ಲ ತುಂಬಿಕೊಂಡಿತು. ನಾವು ಮೂಗು ಮುಚ್ಚಿಕೊಳ್ಳಲಿಲ್ಲ. ಆ ಪ್ರಾಣಿಗೆ ತವರಿನಿಂದ ಬಂದ ಉಡುಗೊರೆ ಅದೊಂದೇ.

ಮುಧೋಳದಿಂದ ತುಮಕೂರಿಗೆ 450 ಕಿಲೋಮೀಟರಿಗೂ ಮಿಗಿಲಾದ ದಾರಿ. ಬೆಳಗಿನ ಆರು ಗಂಟೆಗೆ ಹೊರಟೆವು. ಮರಿಗೆ ಮೂರು ಗಂಟೆಯ ವೇಳೆಗೇ ಯಜಮಾನರು ಸ್ವಲ್ಪ ಜೋಳದ ನುಚ್ಚನ್ನು ತಿನ್ನಿಸಿದ್ದರು. ಹೊಟ್ಟೆ ತುಂಬಿದ್ದರೆ ಕಾರಿನ ಕುಲುಕಾಟಕ್ಕೆ ಓಕರಿಕೆ ಹೆಚ್ಚುವುದು. ಬಿದಿರಿನ ಅಗಲವಾದ ಬುಟ್ಟಿಯಲ್ಲಿ ಗೋಣಿಚೀಲವನ್ನು ಹಾಸಿ, ಬುಟ್ಟಿಯನ್ನು ಹಿಂದಿನ ಆಸನಕ್ಕೆ ಪಟ್ಟಿಯಿಂದ ಬಿಗಿದಿದ್ದೆವು. ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ನೋಡಲು ಚೆಂದ. ಆದರೆ ಒಮ್ಮೆಲೇ ಬ್ರೇಕು ಹಾಕಿದಾಗ ತೊಡೆಯ ಮೇಲಿನ ಮರಿಯು ಗಾಜಿಗೆ ಚೆಂಡಿನಂತೆ ಬಡಿಯುವುದು.

ಕಬ್ಬು ನುರಿಸುವ ಕಾಲವಾದುದರಿಂದ ಎರಡೆರಡು ಗಾಡಿಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಲೋಕಾಪುರದವರೆಗೂ ದಾರಿ ಬಿಡಲಿಲ್ಲ. ನಮಗೆ ಅದರಿಂದ ಉಪಕಾರವೇ ಆಯಿತು. ಆ ಮಂದಗತಿಯಲ್ಲಿ ಮರಿಯು ನಿದ್ದೆಹೋಯಿತು. ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದು ಈಗ ದಾಳಿಂಬೆಯ ತೋಟಗಳಿಗೆ ಹೆಸರಾದ ಕಲಾದಗಿಯನ್ನು ದಾಟಿ ರಸ್ತೆ ತೆರವಾದೊಡನೆ ಎಚ್ಚತ್ತು, ಒಂದೇ ಸಮನೆ ಅಳತೊಡಗಿತು. ಬಾಗಲಕೋಟೆಗೆ ಮುಂಚೆಯೇ ಮೊದಲ ವಾಂತಿ. ಎಳೆಯ ಮರಿಗಳಲ್ಲಿ ಮೈಯ ಸಮತೋಲವನ್ನು ಕಾಯುವ ಒಳಕಿವಿಯ ಭಾಗವು ಪೂರ್ತಿ ಬಲಿತಿರುವುದಿಲ್ಲವಾದುದರಿಂದ ಹೀಗಾಗುವುದು. ಹಲವು ಮರಿಗಳು ಬೆಳೆದಂತೆ ಇದನ್ನು ಮರೆತುಬಿಡುತ್ತವೆ. ಮನುಷ್ಯರಿಗೆಂದು ತಂದ ಗುಳಿಗೆಯಲ್ಲಿ ಅರ್ಧವನ್ನು ಮುರಿದು ಕೊಡುವ ವಾಡಿಕೆ ಕೆಲವರಲ್ಲುಂಟು. ಅದು ಅಪಾಯದ ಕೆಲಸ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಬೀದಿಗಳನ್ನು ಒಪ್ಪಿಸಿದ ಬಾಗಲಕೋಟೆಯನ್ನೂ, ಹುನಗುಂದವನ್ನೂ, ಸೀರೆಯ ಇಳಕಲ್ಲನ್ನೂ ನಾವು ಕಂಡುದು ಕಿಟಕಿಯಿಂದ ಮಾತ್ರ. ಮರಿಯೊಡನೆ ಹೋಗುವವರ ಭೂಗೋಳವೇ ಬೇರೆ. ಅವರು ಹುಡುಕತಕ್ಕದ್ದು ನೆರಳನ್ನು, ನಾಯಿಗಳು ಸುಳಿಯದ ನೆಲವನ್ನು. ಡಾಬಾಗಳ ಮುಂದೆ ನೆರಳು ಧಾರಾಳ. ಆದರೆ ಎಂಜಲಿಗೆ ಕಾದ ನಾಯಿಗಳೂ ಅಷ್ಟೇ ಧಾರಾಳ. ನಮ್ಮ ಮರಿಗೆ ಒಂದೇ ಲಸಿಕೆಯಾಗಿತ್ತು. ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹದಿನಾರನೆಯ ವಾರದವರೆಗೆ ಲಸಿಕೆ ಮುಗಿಯದೆ ಪಾರ್ವೊ ಎಂಬ ರಕ್ತಭೇದಿಯ ರೋಗದಿಂದ ಪೂರ್ಣ ರಕ್ಷಣೆಯಿಲ್ಲ. ಅದರ ಬೀಜವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದು. ಆದುದರಿಂದ ಎರಡು ಗಂಟೆಗೊಮ್ಮೆ ಜೋಳದ ಹೊಲದ ಅಂಚಿನಲ್ಲಿ ನಿಲ್ಲಿಸಿ, ಹಳೆಯ ದುಪ್ಪಟಿಯೊಂದನ್ನು ಹಾಸಿ ಅದರ ಮೇಲೆಯೇ ಮರಿಯನ್ನು ಬಿಡುತ್ತಿದ್ದೆವು. ಹಾದುಹೋಗುವ ರೈತರು ನಿಂತು ನೋಡಿ ನಗುತ್ತಿದ್ದರು. ನಗುವಿನ ಕೊನೆಗೆ “ಮುಧೋಳದ್ದೇನ್ರಿ?” ಎಂದು ಕೇಳದೆ ಹೋದವರಿಲ್ಲ.

ಕುಷ್ಟಗಿಯ ಬಯಲಿಗೆ ಬರುವಷ್ಟರಲ್ಲಿ ಮೂರು ಸಲ ವಾಂತಿಯಾಗಿತ್ತು. ಅಳುವೂ ನಿಂತಿತು. ಅಳು ನಿಂತುದು ನಮಗೆ ಸಮಾಧಾನವನ್ನಲ್ಲ, ಭಯವನ್ನು ತಂದಿತು. ಕತ್ತನ್ನು ಬುಟ್ಟಿಯ ಅಂಚಿಗೆ ಚೆಲ್ಲಿ ಮಲಗಿದ್ದ ಮರಿಯು ನೀರನ್ನು ಮೂಸಿ ಮುಖ ತಿರುಗಿಸಿತು. ವಸಡನ್ನು ಮುಟ್ಟಿದರೆ ಒಣಗಿ ಬೆರಳಿಗೆ ಅಂಟುತ್ತಿತ್ತು. ಮಗಳು, “ಅಪ್ಪಾ, ವಾಪಸ್ಸು ಅವರ ಅಮ್ಮನ ಹತ್ತಿರ ಬಿಟ್ಟುಬಿಡೋಣ” ಎಂದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊರಡಲಿಲ್ಲ. ಊರಿನ ಪಶುವೈದ್ಯರಿಗೆ ಫೋನು ಮಾಡಿದೆವು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಒಂದೆರಡು ಗಂಟೆ ಆಹಾರ ಕೊಡದೆ, ನೀರನ್ನು ಮಾತ್ರ ಚಮಚೆಯಿಂದ ತುಟಿಯ ಸಂದಿಗೆ ಹನಿಹನಿಯಾಗಿ ಬಿಡಬೇಕೆಂದೂ, ವಸಡು ಬಿಳಿಚಿದರೆ ಅಥವಾ ವಾಂತಿ ನಿಲ್ಲದಿದ್ದರೆ ತಡಮಾಡದೆ ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ಒಯ್ಯಬೇಕೆಂದೂ, ಇಂದಿನ ಪ್ರಯಾಣವನ್ನು ಹೊಸಪೇಟೆಯಲ್ಲಿಯೇ ನಿಲ್ಲಿಸಬೇಕೆಂದೂ ಅವರು ಹೇಳಿದರು. ಒಂದು ಬೇವಿನ ಮರದಡಿಯಲ್ಲಿ ಒಂದು ಗಂಟೆಗೂ ಹೆಚ್ಚು ಕುಳಿತೆವು. ನಲವತ್ತೋ ಐವತ್ತೋ ಚಮಚೆಗಳಾದ ಮೇಲೆ ಮರಿಯು ತಾನಾಗಿಯೇ ನಾಲಗೆ ಚಾಚಿತು. ಮನೆಯಾಕೆಯು ಸೆರಗಿನಿಂದ ಕಣ್ಣೊರಸಿಕೊಂಡು, ಬಿಸಿಲಿಗೆ ಹೀಗಾಯಿತೆಂದಳು.

ಹೊಸಪೇಟೆಯನ್ನು ಸೇರಿದಾಗ ಮಧ್ಯಾಹ್ನ ಮೂರು ಗಂಟೆ ಮೀರಿತ್ತು. ದಾರಿಯಲ್ಲಿ ಅರ್ಧವೂ ಸವೆದಿರಲಿಲ್ಲ. ಮೊದಲು ಹೊಕ್ಕ ವಸತಿಗೃಹದ ಗುಮಾಸ್ತೆಯು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಬುಟ್ಟಿಯನ್ನು ಕಂಡೊಡನೆ ದೇವೇಂದ್ರನಾದನು. ಮಹಾಪ್ರಸ್ಥಾನದ ಕೊನೆಗೆ, ಧರ್ಮರಾಯನು ಬರಬಹುದು, ನಾಯಿ ಮಾತ್ರ ರಥವನ್ನೇರಕೂಡದು ಎಂದವನು ಇಂದ್ರನಷ್ಟೆ? “ಬೇಕಾದರೆ ರಾತ್ರಿ ಕಾರಿನಲ್ಲೇ ಬಿಡಿ” ಎಂಬ ಸಲಹೆಯನ್ನೂ ಈ ಇಂದ್ರನು ಕೊಟ್ಟನು. ಇರುಳಿನ ಒಂಟಿತನ ಹಾಗಿರಲಿ, ಹಗಲಿನಲ್ಲಿಯಂತೂ ಮುಚ್ಚಿದ ಕಾರಿನ ಒಳಗಿನ ಸೆಕೆಯು ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲುದು. ಹೀಗೆ ಸತ್ತ ನಾಯಿಗಳ ಸುದ್ದಿ ಪ್ರತಿ ಬೇಸಗೆಯಲ್ಲಿಯೂ ಬರುವುದುಂಟು. ಯುಧಿಷ್ಠಿರನಂತೆ ವಾದಿಸುವ ಶಕ್ತಿ ನಮಗಿರಲಿಲ್ಲ. ಸುಮ್ಮನೆ ಬುಟ್ಟಿಯನ್ನೆತ್ತಿಕೊಂಡು ಮುಂದಕ್ಕೆ ನಡೆದೆವು.

ಮೂರನೆಯ ವಸತಿಗೃಹದ ಮುದುಕರು ಬುಟ್ಟಿಯೊಳಗೆ ಇಣಿಕಿ, “ಹಾಸಿಗೆ ಕೆಡಿಸಿದರೆ ನೂರು ರೂಪಾಯಿ ಹೆಚ್ಚು” ಎಂದು, ಬೀಗದಕೈ ಕೊಟ್ಟು, ಪುಸ್ತಕದಲ್ಲಿ ಬರೆದುಕೊಳ್ಳಲು ಮರಿಯ ಹೆಸರನ್ನೂ ಗಂಭೀರವಾಗಿ ಕೇಳಿದರು. ಹೆಸರನ್ನು ನಾವು ಯೋಚಿಸಿಯೇ ಇರಲಿಲ್ಲ. ತುಂಗಭದ್ರೆಯ ಸೀಮೆಗೆ ಬಂದು ನೀರು ಕುಡಿಯಿತಲ್ಲವೇ ಎಂದು ಮಗಳು “ತುಂಗಿ” ಎಂದಳು. ಅಂದಿನ ರಾತ್ರಿ ತುಂಗಿಯು ಎರಡು ಸಲ ಅತ್ತಿತು. ಕೋಣೆಯ ಮೂಲೆಯಲ್ಲಿಟ್ಟ ಬುಟ್ಟಿಯನ್ನು ಮಂಚದ ಪಕ್ಕಕ್ಕೆ ಎಳೆದು ಅದರೊಳಗೆ ಕೈಯನ್ನು ಇಳಿಬಿಟ್ಟ ಮೇಲೆ ಬೆಳಗಿನವರೆಗೆ ಸದ್ದಿಲ್ಲ. ಅತ್ತರೆ ಅಳಲಿ, ಅಭ್ಯಾಸವಾಗುವುದು ಎಂದು ಹಲವರು ಬೋಧಿಸುವರು. ಎಂಟು ಒಡಹುಟ್ಟಿದವುಗಳ ನಡುವೆ ಒತ್ತಿ ಮಲಗಿದ್ದ ಜೀವವು ಮೊದಲ ರಾತ್ರಿಯಲ್ಲಿಯೇ ಏಕಾಂತವನ್ನು ಏಕೆ ಕಲಿಯಬೇಕೋ ನಮಗೆ ತಿಳಿಯದು.

ಮರುದಿನದ ದಾರಿ ಸುಗಮ. ಚಿತ್ರದುರ್ಗದ ಬಂಡೆಗಳೂ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳೂ, ಹಿರಿಯೂರೂ ಶಿರಾವೂ ಬೇಗಬೇಗನೆ ಹಿಂದಾದುವು. ಹಿರಿಯೂರಿನ ಆಚೆ ಒಂದು ಸಲ ವಾಂತಿಯಾಯಿತು, ಅಷ್ಟೆ. ತಂಪುಯಂತ್ರದ ಗಾಳಿ ನೇರವಾಗಿ ತಗಲದಂತೆ ಬುಟ್ಟಿಗೆ ತೆಳುವಾದ ಪಂಚೆಯೊಂದನ್ನು ಹೊದಿಸಿದ್ದೆವು. ಈ ತಳಿಗೆ ಚರ್ಮ ತೆಳು, ಕೊಬ್ಬು ಕಡಮೆ. ಸಂಜೆಗೆ ತೋಟದ ಬಾಗಿಲಿನಲ್ಲಿ ಇಳಿಸಿದಾಗ ತುಂಗಿಯು ನಾಲ್ಕು ಹೆಜ್ಜೆ ನಡೆದು, ಬಿದ್ದ ತೆಂಗಿನಗರಿಯನ್ನು ಕಂಡು ಹೆದರಿ, ಮರಳಿ ಬಂದು ಮಗಳ ಕಾಲುಗಳ ನಡುವೆ ನಿಂತಿತು. ಜೋಳದ ನುಚ್ಚಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ರಾಗಿ ಸಲ್ಲದೆಂದು ಯಜಮಾನರು ಒಂದು ವಾರಕ್ಕಾಗುವಷ್ಟು ನುಚ್ಚನ್ನು ಕಟ್ಟಿಕೊಟ್ಟಿದ್ದರು. ದಿನದಿನಕ್ಕೆ ಅದಕ್ಕೆ ರಾಗಿಯ ಅಂಬಲಿಯನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿದೆವು. ಹತ್ತನೆಯ ದಿನ ಬರಿಯ ರಾಗಿಯನ್ನೇ ನೆಕ್ಕಿ ತಟ್ಟೆಯನ್ನು ಬೋರಲು ಹಾಕಿತು.

ಗೋಣಿಚೀಲವನ್ನು ಒಗೆದು ಬಿಸಿಲಿಗೆ ಹಾಕಬೇಕೆಂದು ಮನೆಯ ಹಿರಿಯರು ಎರಡು ಸಲ ಹೇಳಿದ್ದಾರೆ. ಎರಡು ಸಲವೂ ಮಗಳು ಅದನ್ನು ಎಲ್ಲಿಯೋ ಅಡಗಿಸಿದ್ದಾಳೆ. ಸಂಜೆಯಾಗುತ್ತಲೇ ತುಂಗಿಯು ಅದನ್ನು ಹುಡುಕಿ ಎಳೆದು ತಂದು ಜಗಲಿಯ ಮೇಲೆ ಹಾಸಿಕೊಳ್ಳುವುದು.