ರೂಢನಾಮ, ಅಂಕಿತನಾಮ

ವ್ಯಾಕರಣ ಕಲಿಸುವವನ ಪಾಡು ಎಲ್ಲರೂ ಬಲ್ಲದ್ದೇ. ಹುಡುಗರು ಅವನಿಗೆ ನಮಸ್ಕಾರ ಮಾಡುತ್ತಾರೆ. ಅವನ ಪಾಠವನ್ನು ಮಾತ್ರ ತಪ್ಪಿಸುತ್ತಾರೆ. ಇಂಥ ನನ್ನ ಬಳಿಗೆ ಬಿ.ಸಿ.ಎ. ಓದುವ ಹುಡುಗನೊಬ್ಬ ಇಂಗ್ಲಿಷ್ ಪುಸ್ತಕ ಹಿಡಿದು ಬಂದಾಗ ಆಶ್ಚರ್ಯವೇ ಆಯಿತು. ಹಿರೇಕೆರೂರಿನ ಕಡೆಯವನು, ಕನ್ನಡ ಶಾಲೆಯಲ್ಲಿ ಓದಿದವನು. ಒಂದು ವಿಷಯದಲ್ಲಿ ಎರಡು ಸಲ ನಪಾಸಾಗಿ, ಓದು ಬಿಡುವ ಮಾತಾಡುತ್ತಿದ್ದ.

“ಕ್ಲಾಸ್ ಅಂದ್ರ ತರಗತಿ ಅಂತ ಕಲಿತೇನ್ರಿ ಸರ್. ಇದರಾಗ ನೋಡಿದ್ರ ಪೆಟ್ಟಿಗಿ ಬರದಾರ!”

ನಿಜ, ಪುಸ್ತಕದ ತುಂಬ ಪೆಟ್ಟಿಗೆ, ಗೆರೆ, ಬಾಣ. ಮನೆ ಕಟ್ಟುವ ಮೊದಲು ನಕ್ಷೆ ಬರೆಯುವಂತೆ ತಂತ್ರಾಂಶಕ್ಕೂ ನಕ್ಷೆ ಬರೆಯುತ್ತಾರೆ. ಬೂಚ್, ರಂಬಾ, ಜೇಕಬ್‌ಸನ್ ಎಂಬ ಮೂವರು ತಮ್ಮ ಬೇರೆ ಬೇರೆ ಪದ್ಧತಿಗಳನ್ನು ಕೂಡಿಸಿ ಮಾಡಿದ ಈ ಲಿಪಿಗೆ ಯು.ಎಂ.ಎಲ್. ಎಂದು ಹೆಸರು. 1997ರಲ್ಲಿ ಅದು ಸರ್ವಮಾನ್ಯವಾಯಿತು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ.

ಕ್ಲಾಸಿನ ಪೆಟ್ಟಿಗೆಗೆ ಮೂರು ಅಂಕಣ: ಮೇಲೆ ಹೆಸರು, ನಡುವೆ ಗುಣ, ಕೆಳಗೆ ಕ್ರಿಯೆ. ಸರ್ವಜ್ಞನ ಊರೆಂದು ಜನ ಹೇಳುವ ಅಬಲೂರಿನ ಸೀಮೆಯವನಿಗೆ ಮೂರು ಸಾಲು ಹೊಸತೇ? ನಾಮಪದಗಳನ್ನು ನಮ್ಮ ವೈಯಾಕರಣರು ಎಂದೋ ವಿಂಗಡಿಸಿಟ್ಟಿದ್ದಾರೆ. ತಾಲ್ಲೂಕು ಎಂಬುದು ರೂಢನಾಮ, ಅದು ಕ್ಲಾಸು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂಕಿತನಾಮಗಳು; ಅವು ಆಬ್ಜೆಕ್ಟುಗಳು. ಹುಡುಗನ ಮುಖ ಅರಳಿತು.

ಅಂದಿನಿಂದ ಸಂಜೆಗಳಲ್ಲಿ ಅವನು ನನಗೆ ಚಿತ್ರ ತೋರಿಸುವುದು, ನಾನು ಅದಕ್ಕೆ ಮಾತು ಹುಡುಕುವುದು. ಇಸ್ಪೀಟೆಲೆಯ ಡೈಮಂಡಿನಂಥ ಗುರುತು ಎರಡು ಬಗೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಕಮಲ ಗುಡಿಯೊಡನೆ ಇರುವುದು, ಅಳಿದರೆ ಗುಡಿಯೊಡನೆ ಅಳಿಯುವುದು. ಅಲ್ಲಿ ಮಸಿ ತುಂಬಿದ ಡೈಮಂಡು. ನಮ್ಮ ತಾಲ್ಲೂಕುಗಳಾದರೋ ಧಾರವಾಡ ಜಿಲ್ಲೆಯನ್ನು ಬಿಟ್ಟು ಹಾವೇರಿಯನ್ನು ಸೇರಿದರೂ ಅವುಗಳ ಒಂದು ಕೆರೆಯೂ ಕದಲಲಿಲ್ಲ. ಇಲ್ಲಿ ಟೊಳ್ಳು ಡೈಮಂಡು.

ಬಾಣವೆಂದರೆ ವಂಶ. ಒಂದು ದಿನ ಅವನು ಸವಣೂರಿನ ದೊಡ್ಡಹುಣಸೆಯಿಂದ ಹುಣಸೆಗೆ ಬಾಣ ಎಳೆದ. ತಡೆದೆ. ಆ ಮಹಾವೃಕ್ಷಗಳು ಆಫ್ರಿಕಾ ಮೂಲದ ಬಾವೋಬಾಬ್; ಹುಣಸೆಯ ನಂಟು ಹೆಸರಿಗಷ್ಟೇ. ಹೆಸರು ಕೇಳಿ ಕುಲ ಹೇಳಬಾರದು. ಕನಕದಾಸರ ಬಾಡ ಇರುವ ಶಿಗ್ಗಾಂವಿಯ ನೆರೆಹೊರೆಯಲ್ಲಿ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಮೂರನೆಯ ಸಲ ಅವನು ಪಾಸಾದ. ಆದರೆ ಈ ನಾಲ್ಕು ತಾಲ್ಲೂಕುಗಳಿಂದ ಪ್ರತಿವರ್ಷವೂ ಇಂಥ ಹುಡುಗ ಹುಡುಗಿಯರು ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಾರೆ. ಅವರಲ್ಲಿ ವಿಷಯ ತಿಳಿಯದೆ ಸೋಲುವವರೆಷ್ಟು, ತಿಳಿದದ್ದನ್ನೇ ಪರವೇಷದಲ್ಲಿ ಕಂಡು ಗುರುತು ಹಿಡಿಯದೆ ಸೋಲುವವರೆಷ್ಟು? ಎರಡನೆಯವರ ಲೆಕ್ಕ ಯಾವ ಅಂಕಪಟ್ಟಿಯಲ್ಲಿಯೂ ಸಿಗದು.