ಎಂಟು ಮುಖದ ಕಲ್ಲು ಹುಡುಕುತ್ತ

ಡಿಸೆಂಬರ್ ರಜೆಗೆ ಉಡುಪಿ ಎಂದಾಗ ಮಗಳು ಅತ್ತಿದ್ದಳು. ಅವಳ ಹುಟ್ಟುಹಬ್ಬ ಬೀಳುವುದು ಆ ರಜೆಯಲ್ಲೇ. ಗೆಳತಿಯರಿಲ್ಲ, ಬಲೂನಿಲ್ಲ, ಹಂಚಲು ರಿಟರ್ನ್ ಗಿಫ್ಟ್ ಇಲ್ಲ. ಹೀಗೆ ಎಂಟು ತುಂಬಿದರೆ ತುಂಬದೇ ಇದ್ದ ಹಾಗೇ ಅಂತೆ. ಸಮಾಧಾನಕ್ಕೆ ಅವಳಪ್ಪ ಶಿರಾಡಿ ಘಾಟಿ ಇಳಿಯುವಾಗ ಒಂದು ಆಟ ಹೂಡಿದರು: ಆ ದಿನವೆಲ್ಲ ಕಣ್ಣಿಗೆ ಬೀಳುವ, ಕಿವಿಗೆ ಬೀಳುವ ಎಂಟುಗಳನ್ನು ಲೆಕ್ಕ ಹಾಕುವುದು. ಎಂಟು ಎಂಟುಗಳಾದರೆ ಕೇಳಿದ್ದು ಕೊಡಿಸುವುದು.

ಬೆಳಿಗ್ಗೆ ರಥಬೀದಿಯಲ್ಲೇ ಮೊದಲನೆಯದು ಸಿಕ್ಕಿತು. ಕೃಷ್ಣಮಠದ ಸುತ್ತ ಅಷ್ಟಮಠಗಳು. ಮಧ್ವಾಚಾರ್ಯರು ಎಂಟು ಜನ ಶಿಷ್ಯರಿಗೆ ಒಪ್ಪಿಸಿದ ಪೂಜೆ ಇವತ್ತಿಗೂ ಸರದಿಯಲ್ಲೇ ನಡೆಯುತ್ತಿದೆ. ಎರಡೆರಡು ವರ್ಷದ ಪರ್ಯಾಯ, ಒಂದು ಸುತ್ತು ಮುಗಿಯಲು 16 ವರ್ಷ. ನವಗ್ರಹ ಕಿಂಡಿಯ ಮುಂದೆ ನಿಂತು ತೂತು ಎಣಿಸಿದವಳು ಮುಖ ಸಣ್ಣದು ಮಾಡಿ, "ಒಂಬತ್ತಿದೆ, ಒಂದು ಜಾಸ್ತಿ" ಎಂದಳು. ಆ ಒಂಬತ್ತು ತೂತುಗಳ ಆಚೆ, ಎಣ್ಣೆದೀಪದ ಬೆಳಕಿನಲ್ಲಿ, ಕೈಯಲ್ಲಿ ಕಡೆಗೋಲು ಹಿಡಿದ ಪುಟ್ಟ ಕೃಷ್ಣ.

"ಇವನಿಗೆ ಎಷ್ಟು ವರ್ಷ ಅಜ್ಜಿ?"

"ಇವನಿಗೆ ವಯಸ್ಸಾಗಲ್ಲ ಕಣೇ. ದೇವಕಿಗೆ ಎಂಟನೇ ಮಗು, ಹುಟ್ಟಿದ್ದು ಅಷ್ಟಮಿ ದಿನ."

ಒಂದೇ ಉಸಿರಿಗೆ ಎರಡು ಎಂಟು! ಹೊರಗೆ ಬಂದು ಅಮ್ಮ ಅವಳ ಜಡೆಗೆ ಶಂಕರಪುರ ಮಲ್ಲಿಗೆ ಕೊಂಡರು. ಈ ಕಡೆ ಮಲ್ಲಿಗೆಗೆ ಮೊಳದ ಲೆಕ್ಕವಿಲ್ಲ, ಚೆಂಡು, ಅಟ್ಟೆಯ ಲೆಕ್ಕ. ಒಂದು ಚೆಂಡಿಗೆ 800 ಹೂವು ಎಂದು ಹೂವಿನಾಕೆ ಹೇಳಿದ್ದೇ ತಡ, ಅದೂ ಪಟ್ಟಿಗೆ ಸೇರಿತು.

ಮಧ್ಯಾಹ್ನ ಮಲ್ಪೆ. ಮಧ್ವರಿಗೆ ಕೃಷ್ಣ ಸಿಕ್ಕಿದ್ದು ಇದೇ ಕಡಲಿನಲ್ಲಿ, ಗೋಪೀಚಂದನದ ಹೆಂಟೆಯೊಳಗೆ ಎನ್ನುತ್ತದೆ ಐತಿಹ್ಯ. ಉಡುಪಿಯಲ್ಲಿ ಕೊಂಡ ಕೇಕನ್ನು ಕಾರಿನಲ್ಲೇ ಬಿಟ್ಟು ಸೇಂಟ್ ಮೇರೀಸ್ ದ್ವೀಪದ ದೋಣಿ ಹತ್ತಿದೆವು. ಆ ಬಿಸಿಲಿಗೆ ಅದರ ಗತಿ ಏನಾಗುತ್ತದೆಂದು ನನಗಾದರೂ ಹೊಳೆಯಬೇಕಿತ್ತು. ಬಂದರಿನ ಮೀನುವಾಸನೆ ಹಿಂದಾಯಿತು, ಗರುಡ ಪಕ್ಷಿಗಳು ತಲೆಯ ಮೇಲೆ ಸುತ್ತಿದವು, ಮುಂದೆ ತೆಂಗಿನ ಮರಗಳ ಒಂದು ಗೆರೆ ಎದ್ದಿತು.

"ಮೆಲ್ಲ ಮಾರಾಯ್ತಿ, ಕಲ್ಲು ಜಾರ್ತದೆ" ಎನ್ನುತ್ತ ದೋಣಿಯವರು ಅವಳ ರಟ್ಟೆ ಹಿಡಿದು ಇಳಿಸಿದರು. ಕಾಲಡಿ ಮರಳಿಗಿಂತ ಚಿಪ್ಪೇ ಹೆಚ್ಚು. ತಲೆಯೆತ್ತಿದೆ. ಯಾರೋ ಸಾವಿರಾರು ಪೆನ್ಸಿಲುಗಳನ್ನು ಕಟ್ಟುಕಟ್ಟಾಗಿ ನಿಲ್ಲಿಸಿ ಮರೆತು ಹೋದಂತೆ ಕಲ್ಲಿನ ಕಂಬಗಳು. ಕೆಲವು ಸೆಟೆದು ನಿಂತಿವೆ, ಕೆಲವು ಓಲಿಕೊಂಡಿವೆ, ಕಡಲು ತಲೆ ಸವೆಸಿದ ಕಡೆ ಅವು ಅಂಗಳಕ್ಕೆ ಹಾಸಿದ ಚಪ್ಪಡಿಗಳ ಹಾಗೆ ಕಾಣುತ್ತವೆ. ಗೆರೆ ಎಳೆದು ಕಡಿದಷ್ಟು ನೇರ ಅಂಚು. ಹಳೇಬೀಡಿನಲ್ಲಿ ಕಲ್ಲು ಕಂಡು ಬೆರಗಾದಾಗ ಶಿಲ್ಪಿಯನ್ನಾದರೂ ಹೊಗಳಬಹುದು. ಇಲ್ಲಿ ಯಾರನ್ನು ಹೊಗಳುವುದು?

ಮಗಳ ಅಪ್ಪ ವಿವರಿಸಿದರು. ಭೂಮಿಯೊಳಗಿನಿಂದ ಉಕ್ಕಿದ ಲಾವಾ ನಿಧಾನಕ್ಕೆ ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವುದನ್ನು ನೋಡಿದವರಿಗೆ ಈ ವಿನ್ಯಾಸ ಹೊಸದಲ್ಲ. ವ್ಯತ್ಯಾಸವೆಂದರೆ ಇಲ್ಲಿ ಬಿರುಕು ಮೇಲ್ಮೈಯಲ್ಲೇ ನಿಲ್ಲದೆ, ಒಳಗೆ ಒಳಗೆ ಇಳಿದು ಇಡೀ ಕಲ್ಲನ್ನು ಕಂಬಗಳಾಗಿ ಸೀಳಿದೆ. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಕಿತ್ತುಕೊಂಡು ಹೊರಟ ಕಾಲದ ಗಾಯ ಇದು. ಇಂಥದೇ ಕಲ್ಲು ಸಾವಿರಾರು ಕಿಲೋಮೀಟರ್ ಆಚೆ ಅಲ್ಲೂ ಇದೆ.

"ಯಾವಾಗ?"

"ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ."

ಅವಳು ಕುಣಿದಾಡಿಬಿಟ್ಟಳು. ಕೋಟಿಯದೊಂದು ಎಂಟು, ಲಕ್ಷದ್ದೊಂದು. ಎರಡೂ ಬೇರೆ ಬೇರೆ ಎಂದು ಅಪ್ಪನ ಜೊತೆ ಜಗಳ ಮಾಡಿ ಗೆದ್ದಳು. ಆಗ ಡೈನೋಸಾರ್ ಇದ್ದವಾ? ಇದ್ದವು, ಅವು ಅಳಿಯಲು ಇನ್ನೂ ಎರಡು ಕೋಟಿ ವರ್ಷ ಬಾಕಿಯಿತ್ತು. ಅವಳು ಜಾರುಬಂಡಿ ಆಡುವ ಲಾಲ್‌ಬಾಗ್ ಬಂಡೆಗೆ ಎಷ್ಟು? ಸುಮಾರು 300 ಕೋಟಿ. "ಹಾಗಾದ್ರೆ ಅದು ಇದರ ಅಜ್ಜಿ" ಎಂದು ತೀರ್ಪು ಕೊಟ್ಟಳು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯೂ ಇದೆ. ಇಟ್ಟಿರಬಹುದು. ಈ ಕಂಬಗಳ ಮುಂದೆ ಅದು ಮೊನ್ನೆಯ ಮಾತು.

"ಈ ಕಲ್ಲಿನ ಹುಟ್ಟುಹಬ್ಬ ಯಾವತ್ತು?"

ತೆಂಗಿನ ನೆರಳಲ್ಲಿ ಕೂತಿದ್ದ ಅಮ್ಮ ನಕ್ಕರು. "ನಂದೇ ಗೊತ್ತಿಲ್ಲ, ಕಲ್ಲಿಂದು ಯಾರಿಗೆ ಗೊತ್ತು! ಶ್ರಾವಣ, ಕೆರೆ ಕೋಡಿ ಬಿದ್ದ ವರ್ಷ ಅಂತಿದ್ರು ನಮ್ಮಮ್ಮ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆದರು. ನಮ್ಮ ಕ್ಲಾಸಲ್ಲಿ ಅರ್ಧ ಜನ ಜೂನ್ ಒಂದೇ."

ನನಗೆ ಗೊತ್ತಿದ್ದ ಸಂಗತಿಯೇ. ಅಮ್ಮನ ಆಧಾರ್ ಕಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ಅಮ್ಮನಿಗೆ ಹುಟ್ಟುಹಬ್ಬವೇ ಇಲ್ಲ ಎಂಬುದು ಆ ಕಲ್ಲುಗಳ ನಡುವೆ ನಿಂತಾಗಲೇ ಹೊಳೆದದ್ದು. ಮಗಳದು ಗಂಟೆ, ನಿಮಿಷದವರೆಗೆ ಬರೆದಿಟ್ಟಿದ್ದೇವೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಗೂ ಇವತ್ತೇ ಇರಲಿ. ಕಲ್ಲಿಗೂ" ಎಂದಳು.

ತನ್ನ ವಯಸ್ಸು ಸೇರಿಸಿದರೆ ಏಳಾಯಿತು. ಉಳಿದದ್ದು ಒಂದು. ಸರಿ, ಎಂಟು ಮುಖದ ಕಂಬ ಹುಡುಕುವುದು! ಅಜ್ಜಿ ಮೊಮ್ಮಗಳು ಕೈ ಹಿಡಿದು ಕಂಬದಿಂದ ಕಂಬಕ್ಕೆ ಹೋಗಿ, ಅಂಚಿನ ಮೇಲೆ ಬೆರಳಾಡಿಸುತ್ತ ಎಣಿಸಿದರು. ಐದು, ಆರು, ಆರು, ಐದು, ಒಂದು ಏಳು. ನಾನು ಫೋಟೊ ತೆಗೆಯುವುದನ್ನೂ ಮರೆತೆ. ಮಂಡಿನೋವೆಂದು ಬೆಂಗಳೂರಿನಲ್ಲಿ ಮೆಟ್ಟಿಲು ಹತ್ತದ ಅಮ್ಮ ಒದ್ದೆ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅಷ್ಟರಲ್ಲಿ ದೋಣಿಯವರು ಕೂಗಿದರು, "ಬನ್ನಿ ಬನ್ನಿ, ಕಡೇ ಟ್ರಿಪ್ಪು."

ಕಾರಿನ ಬಾಗಿಲು ತೆರೆದರೆ ಕೇಕ್ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಕೆಸರು. ಮಗಳು ಅಳಲಿಲ್ಲ, ಬಗ್ಗಿ ನೋಡಿ "ಲಾವಾ" ಎಂದಳು. ಉಡುಪಿಗೆ ಮರಳಿ ಗಡ್‌ಬಡ್ ತರಿಸಿದೆವು: ಉದ್ದನೆ ಗ್ಲಾಸಿನಲ್ಲಿ ಪದರ ಪದರವಾಗಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ. ಮೇಣದ ಬತ್ತಿ ನಿಲ್ಲದೆ ವಾಲಿತು. ದೀಪ ಊದಿ ಆರಿಸುವುದು ಅಮ್ಮನಿಗೆ ಹೇಗೂ ಹಿಡಿಸದು, ಒಳ್ಳೆಯದೇ ಆಯಿತು. ಅಜ್ಜಿಗೂ ಒಂದು ಗ್ಲಾಸು ಬಂತು.

ಎಂಟನೆಯದು ಮಾತ್ರ ಸಿಗಲಿಲ್ಲ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ, ಬೇಸಿಗೆಯ ಮಧ್ಯಾಹ್ನ ನೆತ್ತಿ ಸುಡುತ್ತದೆ. ನೀವು ಚಳಿಗಾಲದಲ್ಲಿ ಹೋದರೆ ಒಂದು ಉಪಕಾರ ಮಾಡಿ: ಎಂಟು ಮುಖದ ಕಂಬ ಎಲ್ಲಾದರೂ ಕಂಡರೆ ಜಾಗದ ಗುರುತಿಟ್ಟುಕೊಂಡು ಬನ್ನಿ. ನಮ್ಮ ಮನೆಯಲ್ಲಿ ಇಬ್ಬರು ಕಾಯುತ್ತಿದ್ದಾರೆ.