ಬೀಜವು ಹೇಳುವ ಉತ್ತರ

ನವರಾತ್ರಿಯಲ್ಲಿ ನವಧಾನ್ಯಗಳನ್ನು ಮಣ್ಣಿನಲ್ಲಿ ಬಿತ್ತಿ ದೇವರ ಮನೆಯಲ್ಲಿಯೇ ಪೈರು ಬೆಳೆಸುವ ಸಂಪ್ರದಾಯವು ಅನೇಕ ಮನೆಗಳಲ್ಲುಂಟು. ಆ ದಿನಗಳಲ್ಲಿ ಹಿರಿಯರ ಕಣ್ಣು ದೇವಿಯ ಮೇಲೆ. ಮಕ್ಕಳ ಕಣ್ಣಾದರೋ ಮೊಳಕೆಯ ಮೇಲೆ. ಅಂತಹ ಒಂದು ಮನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತನ್ನದೇ ಕುಡಿಕೆಯಲ್ಲಿ ಒಂದು ಅವರೆಕಾಳನ್ನು ಊರಿದಳು. ಒಳಗೇನಾಗುತ್ತಿದೆಯೆಂಬ ಕುತೂಹಲವನ್ನು ತಡೆಯಲಾರದೆ ದಿನಕ್ಕೆರಡು ಸಲ ಮಣ್ಣನ್ನು ಕೆದಕಿದಳು. ಐದನೆಯ ದಿನ ಎಳೆಬೇರು ಮುರಿದು ಕಾಳು ಕೊಳೆಯತೊಡಗಿತು.

ಮಗುವಿನ ಅಳುವನ್ನು ಸಹಿಸಲಾರದೆ ಅಜ್ಜಿಯು, ರಾತ್ರಿ ಬೇರೊಂದು ಮೊಳೆತ ಕಾಳನ್ನು ಗುಟ್ಟಾಗಿ ಅಲ್ಲಿಡಬೇಕೆಂದಿದ್ದರು. ಅಜ್ಜ ಒಪ್ಪಲಿಲ್ಲ. "ಮಗು ಪ್ರಶ್ನೆ ಕೇಳಿದ್ದು ಬೀಜವನ್ನು. ಉತ್ತರವನ್ನು ಬೀಜವೇ ಹೇಳಲಿ. ನಡುವೆ ನಮ್ಮ ಸುಳ್ಳೇಕೆ?" ಎಂದರು. ಮಗುವನ್ನು ಗದರಿಸಲೂ ಇಲ್ಲ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನ ಕೈಯಿಂದಲೇ ಆಲದ ಹಣ್ಣನ್ನು ಒಡೆಯಿಸಿ, ಏನು ಕಾಣುತ್ತದೆಂದು ಮೊದಲು ಕೇಳಿದನಲ್ಲವೆ? ಅರ್ಥ ಹೇಳಿದ್ದು ಆಮೇಲೆ.

ಮರುದಿನ ಅಜ್ಜ ಒಂದು ಗಾಜಿನ ಲೋಟದ ಒಳಸುತ್ತಿಗೆ ಒದ್ದೆಬಟ್ಟೆಯನ್ನು ಹೊಂದಿಸಿ, ರಾತ್ರಿ ನೆನೆದ ಅವರೆಕಾಳುಗಳನ್ನು ಗಾಜಿಗೂ ಬಟ್ಟೆಗೂ ನಡುವೆ ಸಿಕ್ಕಿಸಿದರು. ತಳದಲ್ಲಿ ಸ್ವಲ್ಪವೇ ನೀರು. ಇನ್ನು ಕೆದಕುವ ಅಗತ್ಯವೇ ಇರಲಿಲ್ಲ. ಮೊದಲು ಬೇರು ಹೊರಟು ಕೆಳಕ್ಕಿಳಿಯಿತು; ಅನಂತರ ಕುಡಿಯು ತಲೆ ಬಾಗಿಸಿಕೊಂಡೇ ಮೇಲಕ್ಕೆದ್ದಿತು. ಲೋಟವನ್ನು ಅಡ್ಡ ಮಲಗಿಸಿದರೆ, ಬೇರಿನ ತುದಿಯು ಪುನಃ ನೆಲದ ಕಡೆಗೇ ಬಾಗಿತು. ಇದಕ್ಕೆ ಕಾರಣ ಗುರುತ್ವಾಕರ್ಷಣೆ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್ ಎಂಬಾತನು, ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ ಪರೀಕ್ಷಿಸಿ, 1806ರಲ್ಲಿ ಪ್ರಕಟಿಸಿದನು. ಅಜ್ಜ ಆ ಹೆಸರನ್ನು ಮಗುವಿಗೆ ಹೇಳಲಿಲ್ಲ; ಲೋಟವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಲು ಹೇಳಿದರು, ಅಷ್ಟೆ.

ಮೂರು ಬಟ್ಟಲುಗಳಲ್ಲಿ ಹೆಸರುಕಾಳಿಟ್ಟರು: ಒಂದು ಒಣಗಿದ್ದು, ಒಂದು ಒದ್ದೆಬಟ್ಟೆಯಲ್ಲಿದ್ದುದು, ಒಂದು ನೀರಿನಲ್ಲಿ ಪೂರ್ತಿ ಮುಳುಗಿದ್ದು. ಒಣಗಿದ್ದು ಮಲಗಿಯೇ ಇತ್ತು. ಒದ್ದೆಯದು ಎರಡು ದಿನಗಳಲ್ಲಿ ಚೆನ್ನಾಗಿ ಮೊಳೆಯಿತು. ಮುಳುಗಿದ್ದು ಉಬ್ಬಿ ನಾರತೊಡಗಿತು. "ಇದಕ್ಕೆ ಉಸಿರು ಕಟ್ಟಿತೇ ತಾತ?" ಎಂದು ಮಗುವೇ ಕೇಳಿತು. ಬೀಜಕ್ಕೂ ಗಾಳಿ ಬೇಕೆಂಬ ಪಾಠವು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕದಲ್ಲಿ ದೊರಕೀತು?

ವಿಜಯದಶಮಿಯ ದಿನ ಆ ಹುಡುಗಿ ಹಳೆಯ ಕುಡಿಕೆಯನ್ನು ಅಜ್ಜಿಯ ಮುಂದಿಟ್ಟು, "ಇದು ಸತ್ತದ್ದು ನಾನು ಕೆದಕಿದ್ದರಿಂದ" ಎಂದಳು. ಆ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಜ್ಜಿ ಏನೂ ಹೇಳದೆ ಅವಳ ಕೈಗೆ ಇನ್ನೊಂದು ಕಾಳನ್ನು ಕೊಟ್ಟರು.